ಮಿದುಳನ್ನು ಅರಿಯಹೊರಟವರು

ಪರೀಕ್ಷೆಗಳ ಫಲಿತಾಂಶ ಪ್ರಕಟವಾಗಿ, ಮುಂಗಾರಿನ ಮೊದಲ ಮಳೆ ಬಿದ್ದು, ಪೇಟೆಯ ಅಂಗಡಿಗಳಲ್ಲಿ ಹೊಸ ನೋಟುಪುಸ್ತಕಗಳ ರಾಶಿ ಏಳುವ ವೇಳೆಗೆ ನಮ್ಮ ಮಧ್ಯಮವರ್ಗದ ಮನೆಗಳಲ್ಲಿ ಒಂದು ಪ್ರಶ್ನೆ ತಪ್ಪದೆ ತಲೆಯೆತ್ತುತ್ತದೆ: ‘ಮುಂದೇನು?’ ಪ್ರಶ್ನೆ ಹಳೆಯದು, ಉತ್ತರಗಳೂ ಹಳೆಯವೇ. ವೈದ್ಯಕೀಯಕ್ಕೆ ಅಂಕ ಸಾಲದಿದ್ದರೆ ಎಂಜಿನಿಯರಿಂಗು. ಅದೂ ಒದಗದಿದ್ದರೆ ವಾಣಿಜ್ಯ. ಯಾವುದೂ ಕೂಡಿಬರದಿದ್ದರೆ ಬಿ.ಎಸ್‌ಸಿ. ಶುದ್ಧ ವಿಜ್ಞಾನದ ತರಗತಿಯೆಂಬುದು ಬಹುಪಾಲು ಮನೆಗಳ ಲೆಕ್ಕದಲ್ಲಿ, ಉಳಿದ ಮನೆಗಳ ಬಾಗಿಲು ಮುಚ್ಚಿದಾಗ ರಾತ್ರಿ ಕಳೆಯಲು ಸಿಕ್ಕುವ ಜಗಲಿಯಾಗಿಬಿಟ್ಟಿದೆ.

ಆದರೆ ಆ ಜಗಲಿಗೆ ತಾವಾಗಿಯೇ ಬಯಸಿ ಬಂದು ಕೂಡುವ ಒಬ್ಬಿಬ್ಬರು ಪ್ರತಿವರ್ಷವೂ ಇರುತ್ತಾರೆ. ಬಿ.ಎಸ್‌ಸಿ. ವಿದ್ಯಾರ್ಥಿಗಳಿಗೆ ಕನ್ನಡ ಪಾಠ ಹೇಳುವ ನನ್ನಂಥವರಿಗೆ ಅವರ ಪರಿಚಯವಾಗುವುದು ಮೊದಲ ವಾರದಲ್ಲಿ ಬರೆಸುವ ಪ್ರಬಂಧದಿಂದ. ‘ನನ್ನ ಗುರಿ’ ಎಂಬ ವಿಷಯ ಕೊಟ್ಟಾಗ ಒಬ್ಬ ಹುಡುಗಿ ಒಂದೂವರೆ ಪುಟ ಬರೆದಿದ್ದಳು. ಅವಳನ್ನು ಎತ್ತಿ ಆಡಿಸಿದ ಅಜ್ಜಿಗೆ ಈಗ ಅವಳ ಗುರುತು ಹತ್ತುವುದಿಲ್ಲವಂತೆ. ಎಂದೋ ತೀರಿಕೊಂಡ ತಂಗಿಯ ಹೆಸರು ಹಿಡಿದು ಕರೆಯುತ್ತಾರಂತೆ. ಆದರೆ ಹಾಡು ಎತ್ತಿಕೊಟ್ಟರೆ ಒಂದು ನುಡಿಯೂ ತಪ್ಪದಂತೆ ಕೊನೆಯವರೆಗೆ ಹೇಳುತ್ತಾರಂತೆ. ‘ಅಜ್ಜಿಗೆ ನಾನು ಯಾರೆಂದು ತಿಳಿಯದು. ಅದೇಕೆಂದು ನನಗೆ ತಿಳಿಯಬೇಕು. ಮಿದುಳಿನ ವಿಷಯದಲ್ಲಿ ಸಂಶೋಧನೆ ಮಾಡುವುದೇ ನನ್ನ ಗುರಿ’ ಎಂದು ಅವಳು ಮುಗಿಸಿದ್ದಳು.

ಕೆಲವು ದಿನಗಳ ಮೇಲೆ ಅವಳ ತಂದೆ ಕಾಲೇಜಿಗೆ ಬಂದರು. ಸಭ್ಯರು, ಮಾತಿನಲ್ಲಿ ಸಿಟ್ಟಿರಲಿಲ್ಲ, ಕಳವಳವಿತ್ತು. “ಎಂಜಿನಿಯರಿಂಗ್ ಸೀಟು ಸಿಕ್ಕಿತ್ತು ಸಾರ್, ಬೇಡ ಅಂದಳು. ಮಿದುಳನ್ನ ನೋಡಬೇಕಾದರೆ ಡಾಕ್ಟರಾಗಬೇಕಲ್ಲವೆ? ಬಿ.ಎಸ್‌ಸಿ. ಓದಿ ಏನು ನೋಡುತ್ತಾಳೆ? ಎಷ್ಟು ವರ್ಷ ಓದುತ್ತಾಳೆ? ಅಷ್ಟು ಓದಿದರೆ ನಮ್ಮಮ್ಮನಂಥವರಿಗೆ ವಾಸಿಯಾಗುತ್ತದೆಯೇ?” ಎಂದು ಕೇಳಿದರು.

ನಾಡಿನ ಎಷ್ಟೋ ಮನೆಗಳಲ್ಲಿ ಇಂದು ಏಳುತ್ತಿರುವ ಪ್ರಶ್ನೆಗಳಿವು. ಮಕ್ಕಳ ಆಸೆಯನ್ನು ಹುಚ್ಚೆಂದು ತಳ್ಳಿಹಾಕುವುದೂ ಸರಿಯಲ್ಲ. ‘ಎಲ್ಲವೂ ಆಗುತ್ತದೆ’ ಎಂದು ಬೆನ್ನು ತಟ್ಟಿ ಕಳುಹಿಸುವುದೂ ಸರಿಯಲ್ಲ. ಒಂದೊಂದನ್ನೂ ಎತ್ತಿಕೊಂಡು ವಿಚಾರಿಸಿ ನೋಡುವುದು ಉಚಿತ. ಅವರು ಕೊನೆಗೆ ಕೇಳಿದ ಪ್ರಶ್ನೆಯೇ ಎಲ್ಲಕ್ಕಿಂತ ಕಠಿನವಾದದ್ದು. ಅದನ್ನೇ ಮೊದಲು ನೋಡೋಣ.

ತಲೆಯೊಳಗಿನ ಲೋಕ

ಬೆಳೆದ ಮನುಷ್ಯನ ಮಿದುಳಿನ ತೂಕ ಸುಮಾರು 1.4 ಕಿಲೋಗ್ರಾಂ. ದೇಹದ ತೂಕದಲ್ಲಿ ಅದು ನೂರಕ್ಕೆ ಎರಡು ಪಾಲು ಮಾತ್ರ. ಆದರೆ ನಾವು ಉಂಡ ಅನ್ನದಿಂದ ಹುಟ್ಟುವ ಶಕ್ತಿಯಲ್ಲಿ, ಸುಮ್ಮನೆ ಕುಳಿತಿರುವಾಗಲೂ, ನೂರಕ್ಕೆ ಇಪ್ಪತ್ತು ಪಾಲನ್ನು ಅದೊಂದೇ ವ್ಯಯಮಾಡುತ್ತದೆ. ಅದರೊಳಗಿರುವ ನರಕೋಶಗಳ ಸಂಖ್ಯೆ ಸುಮಾರು 8,600 ಕೋಟಿ. ಒಂದೊಂದು ಕೋಶವೂ ಬೇರೆ ಸಾವಿರಾರು ಕೋಶಗಳೊಡನೆ ಸಂಪರ್ಕ ಇಟ್ಟುಕೊಂಡಿರುತ್ತದೆ. ತಾಯಿಯ ಮುಖ, ಹುಟ್ಟೂರಿನ ಹಾದಿ, ಮಗ್ಗಿ, ಸಿಟ್ಟು, ನಾಚಿಕೆ, ದೇವರನಾಮ ಎಲ್ಲವೂ ಹೇಗೋ ಈ ಸಂಪರ್ಕಗಳಲ್ಲೇ ನೆಲೆಸಿವೆ. ಈ ‘ಹೇಗೋ’ ಎಂಬ ಮಾತಿನಲ್ಲಿಯೇ ನರವಿಜ್ಞಾನದ ಸಮಸ್ಯೆಯೆಲ್ಲ ಅಡಗಿದೆ.

ವಿಜ್ಞಾನಿಗಳು ಎಲ್ಲಿಯವರೆಗೆ ಬಂದಿದ್ದಾರೆಂಬುದಕ್ಕೆ ಒಂದು ನಿದರ್ಶನ ಸಾಕು. ಮಣ್ಣಿನಲ್ಲಿ ವಾಸಿಸುವ, ಒಂದು ಮಿಲಿಮೀಟರಿನಷ್ಟೇ ಉದ್ದದ ಒಂದು ಹುಳುವಿಗೆ ಇರುವುದು 302 ನರಕೋಶಗಳು. ಅವುಗಳಲ್ಲಿ ಯಾವುದಕ್ಕೆ ಯಾವುದರ ಸಂಪರ್ಕವೆಂಬ ಪೂರ್ಣ ನಕ್ಷೆ 1986ರಲ್ಲಿ ಪ್ರಕಟವಾಯಿತು. ಅಲ್ಲಿಂದ 38 ವರ್ಷಗಳ ಮೇಲೆ, 2024ರಲ್ಲಿ, ಬೆಳೆದ ಹಣ್ಣುನೊಣವೊಂದರ ಇಡೀ ಮಿದುಳಿನ ನಕ್ಷೆ ಸಿದ್ಧವಾಯಿತು: ಸುಮಾರು 1,39,000 ನರಕೋಶಗಳು, 5 ಕೋಟಿಗೂ ಮಿಕ್ಕ ಸಂಪರ್ಕಗಳು. ಗಸಗಸೆಯ ಕಾಳಿನಷ್ಟಿರುವ ಮಿದುಳಿಗೆ ಇಷ್ಟು ಶ್ರಮ, ಇಷ್ಟು ಕಾಲ. ನಕ್ಷೆ ದೊರೆತ ಮಾತ್ರಕ್ಕೆ ನೊಣದ ಮನಸ್ಸು ಅರ್ಥವಾಯಿತೆಂದೂ ಅಲ್ಲ; ಊರಿನ ಭೂಪಟ ಕೈಗೆ ಬಂದೊಡನೆ ಊರಿನ ಜನರ ಸುಖದುಃಖ ತಿಳಿಯುವುದುಂಟೆ?

ನೂರು ವರ್ಷ ದಾಟಿದ ಪ್ರಶ್ನೆ

ಮರೆವಿನ ರೋಗದ ಕಥೆಯಾದರೂ ಇದೇ. 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನ ಆಸ್ಪತ್ರೆಗೆ 51 ವರ್ಷದ ಹೆಣ್ಣುಮಗಳೊಬ್ಬಳು ಬಂದಳು. ತನ್ನ ಹೆಸರನ್ನು ಬರೆಯಹೊರಟು ನಡುವೆಯೇ ಮರೆಯುತ್ತಿದ್ದ ಆಕೆಯನ್ನು ಅಲೋಯಿಸ್ ಆಲ್ಜೈಮರ್ ಎಂಬ ವೈದ್ಯ ಗಮನವಿಟ್ಟು ಪರೀಕ್ಷಿಸಿದ. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಆಕೆಯ ಮಿದುಳಿನ ತೆಳುಪದರಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದಾಗ ಕೋಶಗಳ ನಡುವೆ ಗಸಿಯಂಥ ಗುಡ್ಡೆಗಳೂ ಕೋಶಗಳೊಳಗೆ ಸಿಕ್ಕುಬಿದ್ದ ನೂಲಿನಂಥ ಎಳೆಗಳೂ ಕಂಡವು. ಅದೇ ವರ್ಷ ನವೆಂಬರಿನಲ್ಲಿ ಟ್ಯೂಬಿಂಗೆನ್ ನಗರದಲ್ಲಿ ಆತ ಇದನ್ನು ವಿದ್ವಾಂಸರ ಸಭೆಯ ಮುಂದಿಟ್ಟಾಗ ಯಾರೂ ಅದಕ್ಕೆ ಹೆಚ್ಚಿನ ಬೆಲೆ ಕೊಡಲಿಲ್ಲ.

ಇಂದು ಆ ರೋಗಕ್ಕೆ ಆತನ ಹೆಸರೇ ಇದೆ. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನವೊಂದರ ಅಂದಾಜಿನಂತೆ ನಮ್ಮ ದೇಶದಲ್ಲಿ 60 ವರ್ಷ ದಾಟಿದವರಲ್ಲಿ ನೂರಕ್ಕೆ 7.4 ಮಂದಿ, ಎಂದರೆ ಸುಮಾರು 88 ಲಕ್ಷ ಜನ, ಒಂದಲ್ಲ ಒಂದು ಬಗೆಯ ಬುದ್ಧಿಮಾಂದ್ಯದ ಮರೆವಿಗೆ ಒಳಗಾಗಿದ್ದಾರೆ. ಅದೇ 2023ರಲ್ಲಿ ಅಮೆರಿಕದಲ್ಲಿ ಲೆಕಾನೆಮ್ಯಾಬ್ ಎಂಬ ಔಷಧಿಗೆ ಅನುಮತಿ ದೊರೆಯಿತು. ಆಲ್ಜೈಮರ್ ಕಂಡ ಆ ಗುಡ್ಡೆಗಳನ್ನು ಅದು ಕರಗಿಸುತ್ತದೆ. ರೋಗ ಇನ್ನೂ ಮೊದಲ ಹಂತದಲ್ಲಿದ್ದರೆ ಅದರ ಗತಿಯನ್ನು ಕೊಂಚ ನಿಧಾನಗೊಳಿಸುತ್ತದೆ. ಹೋದ ನೆನಪನ್ನು ಮರಳಿ ತರಲಾರದು, ರೋಗವನ್ನು ನಿಲ್ಲಿಸಲಾರದು. 1906ರಿಂದ 2023ರವರೆಗೆ 117 ವರ್ಷಗಳ ಶೋಧನೆಯ ಫಲ ಇಷ್ಟು.

ಆದ್ದರಿಂದ ಆ ತಂದೆಯ ಕೊನೆಯ ಪ್ರಶ್ನೆಗೆ ಪ್ರಾಮಾಣಿಕವಾದ ಉತ್ತರ ‘ಇಲ್ಲ’ ಎಂದೇ. ಇಂದು ಕಾಲೇಜಿನ ಮೆಟ್ಟಿಲು ಹತ್ತಿದ ಮೊಮ್ಮಗಳ ವಿದ್ಯೆ ಇಂದಿನ ಅಜ್ಜಿಗೆ ಔಷಧಿಯಾಗಿ ಒದಗದು. ಇದನ್ನು ಮಕ್ಕಳಿಂದ ಮುಚ್ಚಿಡಬಾರದು. ಮುಚ್ಚಿಟ್ಟರೆ ಎರಡನೆಯ ವರ್ಷಕ್ಕೇ ಅವರ ಉತ್ಸಾಹ ಬಾಡುತ್ತದೆ. ತಾನು ಕೇಳಿದ್ದು ಮಿದುಳು, ತನಗೆ ಕೊಟ್ಟದ್ದು ಬೀಜಗಣಿತ ಎಂದು ಅವರು ನೊಂದುಕೊಳ್ಳುತ್ತಾರೆ. ಹಾಗಾದರೆ ಆಸೆಗೆ ಅರ್ಥವೇ ಇಲ್ಲವೆ? ಇದೆ. ಆದರೆ ಆಸೆ ದೊಡ್ಡದಾಗಿದ್ದು, ಕೈಗೆತ್ತಿಕೊಂಡ ಪ್ರಶ್ನೆ ಸಣ್ಣದಾಗಿರಬೇಕು. ಮಿದುಳಿನ ವಿಷಯದಲ್ಲಿ ಇದುವರೆಗೆ ನಮಗೆ ತಿಳಿದದ್ದೆಲ್ಲ ತಿಳಿದದ್ದು ಹೀಗೆಯೇ.

ಮಲಗುವ ಕೋಣೆಯ ಪ್ರಯೋಗಶಾಲೆ

ಇಟಲಿಯ ಟ್ಯೂರಿನ್ ನಗರದಲ್ಲಿ 1909ರಲ್ಲಿ ಹುಟ್ಟಿದ ರೀಟಾ ಲೆವಿ-ಮೊಂಟಾಲ್ಚಿನಿಯ ಬಾಳು ಇದಕ್ಕೆ ಒಳ್ಳೆಯ ಸಾಕ್ಷಿ. ತಂದೆ ಎಂಜಿನಿಯರು, ಸುಸಂಸ್ಕೃತರು. ಆದರೂ ಹೆಣ್ಣುಮಕ್ಕಳು ವಿಶ್ವವಿದ್ಯಾಲಯಕ್ಕೆ ಹೋದರೆ ಸಂಸಾರದ ಹೊಣೆಗೆ ಅಡ್ಡಿಯಾಗುತ್ತದೆಂಬುದು ಅವರ ಮತ. ಮನೆಯಲ್ಲಿ ಮಕ್ಕಳನ್ನು ಸಾಕಿದ ಜೊವಾನ್ನಾ ಎಂಬಾಕೆ ಜಠರದ ಕ್ಯಾನ್ಸರಿನಿಂದ ತೀರಿಕೊಂಡಾಗ ರೀಟಾ ತಾನು ವೈದ್ಯಶಾಸ್ತ್ರ ಓದಬೇಕೆಂದು ನಿಶ್ಚಯಿಸಿದಳು. ತಂದೆ ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿದರು. ಅವಳಿಗೆ ಬಾರದಿದ್ದ ಲ್ಯಾಟಿನ್, ಗ್ರೀಕ್, ಗಣಿತಗಳನ್ನು ಎಂಟು ತಿಂಗಳಲ್ಲಿ ಓದಿ ಮುಗಿಸಿ, 1930ರಲ್ಲಿ ಟ್ಯೂರಿನ್ ವಿಶ್ವವಿದ್ಯಾಲಯವನ್ನು ಸೇರಿದಳು.

ಅಲ್ಲಿ ಅವಳಿಗೆ ದೊರೆತ ಗುರು ಜುಸೆಪ್ಪೆ ಲೆವಿ. ಮುಂಗೋಪಕ್ಕೆ ಹೆಸರಾದವರು, ಕೆಲಸದಲ್ಲಿ ಕಟ್ಟುನಿಟ್ಟು. ಮಿದುಳಿನ ರಹಸ್ಯವನ್ನು ಭೇದಿಸುವ ಕನಸು ಹೊತ್ತ ವಿದ್ಯಾರ್ಥಿನಿಗೆ ಅವರು ಮೊದಲು ಕೊಟ್ಟ ಕೆಲಸವೆಂದರೆ ಇಲಿಗಳ ನರಗಂಟುಗಳಲ್ಲಿ ಎಷ್ಟೆಷ್ಟು ಕೋಶಗಳಿವೆಯೆಂದು ಎಣಿಸುವುದು. ರಾಗಿ ಕಾಳು ಎಣಿಸುವಷ್ಟೇ ಬೇಸರದ ಕೆಲಸ. ಆದರೆ ಆ ಗುರುವಿನ ಕೈಕೆಳಗೆ ಅದೇ ಕಾಲದಲ್ಲಿ ಪಳಗಿದ ಸಾಲ್ವದೋರ್ ಲೂರಿಯಾ, ರೆನಾಟೊ ದುಲ್ಬೆಕ್ಕೊ ಮತ್ತು ರೀಟಾ, ಈ ಮೂವರೂ ಮುಂದೆ 1969, 1975, 1986ರಲ್ಲಿ ಕ್ರಮವಾಗಿ ನೊಬೆಲ್ ಪಾರಿತೋಷಕ ಪಡೆದರೆಂದ ಮೇಲೆ ಆ ಶಿಸ್ತಿನ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ.

ಆಕೆ 1936ರಲ್ಲಿ ಪದವಿ ಪಡೆದರು. ಎರಡೇ ವರ್ಷದಲ್ಲಿ, 1938ರಲ್ಲಿ, ಮುಸೊಲಿನಿಯ ಸರಕಾರ ಯೆಹೂದ್ಯರನ್ನು ವಿಶ್ವವಿದ್ಯಾಲಯಗಳಿಂದ ಹೊರಹಾಕುವ ಕಾನೂನು ತಂದಿತು. ಕೆಲಸ ಹೋಯಿತು, ಪ್ರಯೋಗಶಾಲೆಯ ಬಾಗಿಲು ಮುಚ್ಚಿತು. ರೀಟಾ ತಮ್ಮ ಮಲಗುವ ಕೋಣೆಯನ್ನೇ ಪ್ರಯೋಗಶಾಲೆ ಮಾಡಿಕೊಂಡರು. ಹೊಲಿಗೆಯ ಸೂಜಿಯನ್ನು ಮಸೆದು ಶಸ್ತ್ರವಾಗಿ, ಗಡಿಯಾರ ರಿಪೇರಿಯವರ ಚಿಮಟವನ್ನು ಸಾಧನವಾಗಿ ಬಳಸಿದರು. ಅಭ್ಯಾಸದ ವಸ್ತು ಕೋಳಿಮೊಟ್ಟೆಯೊಳಗಿನ ಭ್ರೂಣ. ಕೆಲಸ ಕಳೆದುಕೊಂಡ ಅವರ ಗುರು ಲೆವಿಯವರೂ ಬಂದು ಶಿಷ್ಯೆಯ ಕೋಣೆಯಲ್ಲಿ ಸಹಾಯಕರಾಗಿ ಕುಳಿತರು. ಟ್ಯೂರಿನ್ನಿನ ಮೇಲೆ ಬಾಂಬು ಬೀಳತೊಡಗಿದಾಗ ಸಂಸಾರ ಹಳ್ಳಿಗೆ ಹೋಯಿತು. ಪ್ರಯೋಗವೂ ಜೊತೆಗೆ ಹೋಯಿತು. ರೈತರ ಮನೆಮನೆಗೆ ಹೋಗಿ ಮೊಟ್ಟೆ ಬೇಡಿ ತಂದರು.

ಅವರು ಕೇಳುತ್ತಿದ್ದ ಪ್ರಶ್ನೆಯಾದರೂ ಯಾವುದು? ‘ಮನಸ್ಸೆಂದರೇನು’ ಎಂದಲ್ಲ. ಬೆಳೆಯುತ್ತಿರುವ ಮರಿಯ ಕಾಲಿನ ಮೊಗ್ಗನ್ನು ತೆಗೆದರೆ ಅತ್ತ ಹೊರಟ ನರಕೋಶಗಳು ಏಕೆ ಸಾಯುತ್ತವೆ? ಇಷ್ಟೇ. ಯುದ್ಧ ಮುಗಿದ ಮೇಲೆ, 1947ರಲ್ಲಿ, ಅಮೆರಿಕದ ಸೇಂಟ್ ಲೂಯಿಸಿನಲ್ಲಿದ್ದ ವಿಕ್ಟರ್ ಹ್ಯಾಂಬರ್ಗರ್ ಅವರನ್ನು ಕರೆಸಿಕೊಂಡರು. ಕೆಲವು ತಿಂಗಳಿಗೆಂದು ಹೋದವರು ಸುಮಾರು ಮೂವತ್ತು ವರ್ಷ ಅಲ್ಲಿ ದುಡಿದರು. ನರಕೋಶಗಳು ಬದುಕಿ ಬೆಳೆಯುವಂತೆ ಮಾಡುವ ವಸ್ತುವೊಂದು ದೇಹದಲ್ಲಿದೆಯೆಂದು ಕಂಡರು. ಸ್ಟ್ಯಾನ್ಲಿ ಕೊಹೆನ್ ಎಂಬ ರಸಾಯನವಿಜ್ಞಾನಿ ಅದನ್ನು ಬೇರ್ಪಡಿಸಿದರು. 1986ರ ಪಾರಿತೋಷಕ ಇಬ್ಬರಿಗೂ ಸಂದಿತು. ತಂದೆ ಬೇಡವೆಂದಿದ್ದ ಓದನ್ನು ಹಿಡಿದ ಆ ಮಗಳು 103 ವರ್ಷ ಬಾಳಿ 2012ರಲ್ಲಿ ಕಾಲವಾದರು.

ಬೊಂಡಾಸು ಮತ್ತು ನೊರಜು

‘ರೀಟಾ ವೈದ್ಯಶಾಸ್ತ್ರವನ್ನೇ ಓದಿದವರಲ್ಲವೆ’ ಎಂದು ವಾಚಕರು ಕೇಳಬಹುದು. ನಿಜ. ಆದರೆ ಮಿದುಳಿನ ಮನೆಗೆ ಅದೊಂದೇ ಬಾಗಿಲಲ್ಲ.

ನರದೊಳಗೆ ಸಂದೇಶ ಹೇಗೆ ಹರಿಯುತ್ತದೆಂಬುದನ್ನು ಕಂಡುಹಿಡಿದ ಅಲನ್ ಹಾಜ್‌ಕಿನ್ ಮತ್ತು ಆಂಡ್ರ್ಯೂ ಹಕ್ಸ್‌ಲಿ ವೈದ್ಯರಲ್ಲ. ಇಬ್ಬರೂ ಕೇಂಬ್ರಿಡ್ಜಿನಲ್ಲಿ ವಿಜ್ಞಾನ ಓದಿದವರು. ನಮ್ಮ ಕರಾವಳಿಯ ಮೀನುಪೇಟೆಯಲ್ಲಿ ಬೊಂಡಾಸ್ ಎಂದು ಮಾರುವ ಕಡಲಪ್ರಾಣಿಯ ಜಾತಿಯಲ್ಲಿ ಒಂದು ನರದ ಎಳೆ ಅರ್ಧ ಮಿಲಿಮೀಟರಿಗೂ ಮೀರಿ ದಪ್ಪವಾಗಿರುತ್ತದೆ. 1939ರಲ್ಲಿ ಇಂಗ್ಲೆಂಡಿನ ಪ್ಲಿಮತ್ತಿನಲ್ಲಿ ಅವರು ಆ ಎಳೆಯೊಳಗೆ ಕೂದಲಿನಷ್ಟು ಸಣ್ಣ ವಿದ್ಯುದ್ವಾರವನ್ನು ತೂರಿಸಿ ಸಂದೇಶದ ವಿದ್ಯುತ್ತನ್ನು ಅಳೆದರು. ಆಗ ಹಕ್ಸ್‌ಲಿಗೆ 21 ವರ್ಷ, ಹಾಜ್‌ಕಿನ್ನನಿಗೆ 25. ಯುದ್ಧ ಬಂದು ಕೆಲಸ ನಿಂತಿತು. ಮುಗಿದ ಮೇಲೆ ಮತ್ತೆ ಹಿಡಿದರು. 1952ರಲ್ಲಿ ಸಮೀಕರಣಗಳು ಸಿದ್ಧವಾದುವು. ವಿಶ್ವವಿದ್ಯಾಲಯದ ಗಣಕಯಂತ್ರ ಆಗ ಕೆಲಸಕ್ಕೆ ಒದಗದಿದ್ದುದರಿಂದ ಹಕ್ಸ್‌ಲಿ ಕೈಯಿಂದ ತಿರುಗಿಸುವ ಲೆಕ್ಕದ ಯಂತ್ರವನ್ನು ವಾರಗಟ್ಟಲೆ ತಿರುಗಿಸಿ ಉತ್ತರ ತೆಗೆದರು. ‘ಬೀಜಗಣಿತ ಮಿದುಳಿಗೇಕೆ’ ಎಂದು ಗೊಣಗುವ ವಿದ್ಯಾರ್ಥಿಗೆ ಹೇಳತಕ್ಕ ಕಥೆ ಇದು.

ನಮ್ಮ ದೇಶದ ಒಬೈದ್ ಸಿದ್ದಿಕಿಯವರ ಹಾದಿ ಇನ್ನೂ ವಿಚಿತ್ರ. 1932ರಲ್ಲಿ ಉತ್ತರಪ್ರದೇಶದಲ್ಲಿ ಹುಟ್ಟಿದ ಅವರು ಆಲಿಗಢದಲ್ಲಿ ಓದಿದ್ದು ಸಸ್ಯಶಾಸ್ತ್ರ. ದೆಹಲಿಯಲ್ಲಿ ಅಭ್ಯಸಿಸುತ್ತಿದ್ದುದು ಗೋಧಿಯ ಪೈರನ್ನು. ಆಲಿಕಲ್ಲಿನ ಮಳೆಯೊಂದು ಅವರ ಪ್ರಯೋಗದ ಬೆಳೆಯನ್ನು ಹಾಳುಮಾಡಿತು. ಅಲ್ಲಿಂದ ಅವರು ಗ್ಲಾಸ್ಗೋಗೆ ಹೋಗಿ ಸೂಕ್ಷ್ಮಜೀವಿಗಳ ತಳಿಶಾಸ್ತ್ರ ಕಲಿತರು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ 1962ರಲ್ಲಿ ಅಣುಜೀವವಿಜ್ಞಾನದ ವಿಭಾಗವನ್ನು ಕಟ್ಟಿದರು. ಆಮೇಲೆ ಅವರ ಲಕ್ಷ್ಯ ಹರಿದದ್ದು ಕಳಿತ ಬಾಳೆಯ ಹಣ್ಣಿಗೆ ಮುತ್ತುವ ನೊರಜಿನ ಕಡೆಗೆ. ಕಾವು ಏರಿದೊಡನೆ ಜಡವಾಗಿ ಬೀಳುವ, ತಂಪಾದೊಡನೆ ಚೇತರಿಸಿಕೊಂಡು ಹಾರುವ ನೊರಜುಗಳನ್ನು ಅಮೆರಿಕದ ಸೀಮೋರ್ ಬೆಂಜರ್‌ರೊಡನೆ ಕೂಡಿ ಹುಡುಕಿ ತೆಗೆದರು. ಒಂದು ವಂಶವಾಹಿಯ ಸಣ್ಣ ದೋಷ ಇಡೀ ನರಮಂಡಲವನ್ನು ಹೇಗೆ ನಿಲ್ಲಿಸಬಲ್ಲದೆಂದು ಅದರಿಂದ ಕಲಿಯುವುದು ಸಾಧ್ಯವಾಯಿತು.

ಸಿದ್ದಿಕಿಯವರ ಲೇಖನಗಳನ್ನು ದೂರದ ಡಬ್ಲಿನ್ನಿನಲ್ಲಿ ಓದಿದ ವಿದ್ಯಾರ್ಥಿನಿಯೊಬ್ಬಳಿದ್ದಳು: ವೆರೊನಿಕಾ ರಾಡ್ರಿಗಸ್. 1953ರಲ್ಲಿ ಕೀನ್ಯದಲ್ಲಿ ಹುಟ್ಟಿದ, ಗೋವಾ ಮೂಲದ ಮನೆತನದವಳು, ಓದಿದ್ದು ಸೂಕ್ಷ್ಮಜೀವಿಶಾಸ್ತ್ರ. ‘ನಿಮ್ಮಲ್ಲಿ ಕೆಲಸ ಮಾಡಬೇಕೆಂದಿದ್ದೇನೆ’ ಎಂಬ ಆಸೆಯನ್ನು ಕಾಗದದಲ್ಲಿ ತಿಳಿಸಿ ಮುಂಬಯಿಗೆ ಬಂದಳು. ನೊರಜು ರುಚಿಯನ್ನೂ ವಾಸನೆಯನ್ನೂ ಹೇಗೆ ಅರಿಯುತ್ತದೆಂಬ ಗುರುಶಿಷ್ಯೆಯರ ಶೋಧನೆ ಲೋಕದ ಗಮನ ಸೆಳೆಯಿತು. ಸಿದ್ದಿಕಿಯವರು ಮುಂದೆ ಬೆಂಗಳೂರಿಗೆ ಬಂದು ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಮೊದಲ ನಿರ್ದೇಶಕರಾದರು. ರಾಡ್ರಿಗಸ್ ಅವರೂ ತಮ್ಮ ಕೊನೆಯ ವರ್ಷಗಳಲ್ಲಿ ಅದೇ ಕೇಂದ್ರದಲ್ಲಿ ಕೆಲಸ ಮಾಡಿ 2010ರಲ್ಲಿ ತೀರಿಕೊಂಡರು. ಇಬ್ಬರಲ್ಲಿ ಒಬ್ಬರೂ ವೈದ್ಯರಲ್ಲ.

ಕಾಲೇಜು ಕೊಡುವುದೇನು?

ಪದವಿ ಕಾಲೇಜಿನಲ್ಲಿ ಮಿದುಳು ಸಿಕ್ಕುವುದಿಲ್ಲ. ಮಿದುಳಿನ ಸಂಶೋಧನೆಗೆ ಬೇಕಾದ ಕಣ್ಣು, ಕೈ, ತಾಳ್ಮೆಗಳು ಸಿಕ್ಕುತ್ತವೆ. ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ಕಂಡಂತೆ ಚಿತ್ರಿಸುವುದು, ತಪ್ಪಿದ ಪ್ರಯೋಗವನ್ನು ತಪ್ಪಿತೆಂದೇ ರೆಕಾರ್ಡು ಪುಸ್ತಕದಲ್ಲಿ ಬರೆಯುವುದು, ಇವೇ ಮೊದಲ ಪಾಠಗಳು.

ಚಿತ್ರಿಸುವುದೆಂದಾಗ ಸ್ಪೇಯಿನ್ ದೇಶದ ಸಾಂಟಿಯಾಗೊ ರಾಮೊನ್ ಇ ಕಹಾಲ್ ನೆನಪಿಗೆ ಬರುತ್ತಾನೆ. 1852ರಲ್ಲಿ ಹುಟ್ಟಿದ ಈತನಿಗೆ ಚಿತ್ರಕಾರನಾಗುವ ಹಂಬಲ. ವೈದ್ಯನಾಗಿದ್ದ ತಂದೆಗೆ ಅದು ಸರಿಬೀಳದೆ, ಹುಡುಗನನ್ನು ಕ್ಷೌರಿಕನ ಬಳಿ, ಚಮ್ಮಾರನ ಬಳಿ ಕೆಲಸಕ್ಕೂ ಹಚ್ಚಿದ್ದುಂಟು. ಕೊನೆಗೆ ಮಗನಿಗೆ ಮೂಳೆಗಳನ್ನು ತೋರಿಸಿ ಚಿತ್ರ ಬರೆಸಿದಾಗ ಇಬ್ಬರ ಆಸೆಯೂ ಒಂದೆಡೆ ಕೂಡಿತು. 1873ರಲ್ಲಿ ಕಹಾಲ್ ವೈದ್ಯ ಪದವಿ ಪಡೆದ. ಅದೇ 1873ರಲ್ಲಿ ಇಟಲಿಯ ಕಮಿಲ್ಲೊ ಗಾಲ್ಜಿ ಬೆಳ್ಳಿಯ ಲವಣದಿಂದ ನರಕೋಶಗಳಿಗೆ ಕಪ್ಪು ಬಣ್ಣ ಕೊಡುವ ವಿಧಾನ ಕಂಡುಹಿಡಿದಿದ್ದ. ಅದೂ ಸಣ್ಣ ಊರಿನ ಆಸ್ಪತ್ರೆಯೊಂದರ ಅಡಿಗೆಮನೆಯಲ್ಲಿ. ಹದಿನಾಲ್ಕು ವರ್ಷದ ಮೇಲೆ ಆ ವಿಧಾನವನ್ನು ಕಂಡ ಕಹಾಲ್ ಅದರಲ್ಲೇ ದುಡಿದು, ನರಮಂಡಲವು ಒಂದೇ ಬಲೆಯಲ್ಲ, ಬಿಡಿಬಿಡಿ ಕೋಶಗಳ ಸಮೂಹವೆಂದು ತನ್ನ ಚಿತ್ರಗಳಿಂದ ತೋರಿಸಿದ. 1906ರ ನೊಬೆಲ್ ಪಾರಿತೋಷಕ ಇಬ್ಬರಿಗೂ ಹಂಚಿಕೆಯಾಯಿತು. ಗಾಲ್ಜಿ ಮಾತ್ರ ಅದನ್ನು ಸ್ವೀಕರಿಸುವ ಭಾಷಣದಲ್ಲಿಯೂ ಕಹಾಲನ ಮತವನ್ನು ಒಪ್ಪಲಿಲ್ಲ! ಚಿತ್ರಕಾರನಾಗಬೇಕೆಂದಿದ್ದವನ ಕೈ ವಿಜ್ಞಾನದಲ್ಲಿ ವ್ಯರ್ಥವಾಗಲಿಲ್ಲವೆಂಬುದು ನಾವು ನೆನೆಯಬೇಕಾದ ಸಂಗತಿ.

ಭಾಷೆಯೂ ವ್ಯರ್ಥವಲ್ಲ. ಇದನ್ನು ಕನ್ನಡದ ಅಧ್ಯಾಪಕನ ಪಕ್ಷಪಾತವೆಂದು ಎಣಿಸಬಾರದು. ಮರೆವಿನ ರೋಗವನ್ನು ಗುರುತಿಸಲು ಪಾಶ್ಚಾತ್ಯರು ಮಾಡಿದ ಪರೀಕ್ಷೆಗಳಲ್ಲಿ ‘ಒಂದು ವಾಕ್ಯ ಬರೆಯಿರಿ’, ‘ಈ ಆಕೃತಿ ನೋಡಿ ಚಿತ್ರ ಬರೆಯಿರಿ’ ಎಂಬ ಪ್ರಶ್ನೆಗಳಿರುತ್ತವೆ. ಬಾಳಿನಲ್ಲಿ ಒಮ್ಮೆಯೂ ಲೇಖನಿ ಹಿಡಿಯದ ಅಜ್ಜಿ ಇವುಗಳಲ್ಲಿ ಸೋತರೆ ಅದು ರೋಗವೋ, ಶಾಲೆಗೆ ಹೋಗದ ದೋಷವೋ? ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ 1990ರ ದಶಕದಲ್ಲಿ ಕೆಲಸ ಮಾಡಿದ ಸಂಶೋಧಕರು ಈ ತೊಡಕನ್ನು ಕಂಡು, ಅಕ್ಷರ ಬಾರದವರಿಗೂ ಒಪ್ಪುವಂಥ ಹಿಂದಿಯ ಪರೀಕ್ಷೆಯನ್ನು ಬೇರೆಯೇ ರಚಿಸಿದರು. ನಮ್ಮ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿಯೂ ಬೆಂಗಳೂರಿನ ಮಿದುಳು ಸಂಶೋಧನ ಕೇಂದ್ರದವರು 45 ವರ್ಷ ದಾಟಿದ ಹತ್ತು ಸಾವಿರ ಮಂದಿಯನ್ನು ವರ್ಷಾನುಗಟ್ಟಲೆ ಗಮನಿಸುವ ಅಧ್ಯಯನ ಕೈಗೊಂಡಿದ್ದಾರೆ. ಮುಪ್ಪಿನಲ್ಲಿ ಯಾರ ನೆನಪು ಉಳಿಯುತ್ತದೆ, ಯಾರದು ಅಳಿಯುತ್ತದೆ, ಏಕೆ ಎಂಬುದನ್ನು ತಿಳಿಯುವ ಉದ್ದೇಶ ಅದರದು. ಇಂಥ ಕೆಲಸಕ್ಕೆ ಯಂತ್ರಗಳು ಬೇಕು. ಜಗಲಿಯ ಮೇಲೆ ಕುಳಿತು ಹಿರಿಯರೊಡನೆ ಅವರ ಮಾತಿನಲ್ಲೇ ಮಾತಾಡಬಲ್ಲ ವಿದ್ಯಾವಂತರೂ ಬೇಕು. ಅಜ್ಜಿಯ ಮಡಿಲಲ್ಲಿ ಬೆಳೆದ ಮಕ್ಕಳಿಗೆ ಈ ವಿದ್ಯೆ ಅರ್ಧ ಬಂದೇ ಇರುತ್ತದೆ.

ಪದವಿಯ ದಿನಗಳಲ್ಲಿಯೇ ಕಣ್ಣು ತೆರೆಯಿಸುವ ಅವಕಾಶಗಳು ನಮ್ಮ ಹತ್ತಿರದಲ್ಲೇ ಇವೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಸಾರ್ವಜನಿಕರೂ ನೋಡಬಹುದಾದ ಮಿದುಳಿನ ವಸ್ತುಸಂಗ್ರಹಾಲಯವಿದೆ. ಅಲ್ಲಿಯೇ 1995ರಲ್ಲಿ ಮಿದುಳಿನ ಭಂಡಾರವೊಂದು ಸ್ಥಾಪನೆಯಾಯಿತು. ಮೃತರ ಬಂಧುಗಳು ದಾನವಾಗಿ ಕೊಟ್ಟ ಮಿದುಳುಗಳನ್ನು ಶೋಧನೆಗಾಗಿ ಅಲ್ಲಿ ಕಾಪಾಡುತ್ತಾರೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2009ರಿಂದ ನರವಿಜ್ಞಾನಕ್ಕೆಂದೇ ಒಂದು ಕೇಂದ್ರವಿದೆ. ಭೌತಶಾಸ್ತ್ರ, ಎಂಜಿನಿಯರಿಂಗು, ಮನಶ್ಶಾಸ್ತ್ರ ಓದಿದವರಿಗೂ ಈ ಶಾಸ್ತ್ರದಲ್ಲಿ ಎಡೆಯುಂಟು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಕೂಡಿ ಬೇಸಗೆಯ ರಜೆಯಲ್ಲಿ ಕಾಲೇಜು ವಿದ್ಯಾರ್ಥಿಗಳನ್ನು ಎರಡು ತಿಂಗಳ ಮಟ್ಟಿಗೆ ದೊಡ್ಡ ಪ್ರಯೋಗಶಾಲೆಗಳಿಗೆ ಕಳುಹಿಸುವ ವ್ಯವಸ್ಥೆಯೂ ಇದೆ. ಆ ಎರಡು ತಿಂಗಳಲ್ಲಿ ವಿದ್ಯಾರ್ಥಿಗೆ ಇದು ತನಗೆ ಒಗ್ಗುವ ಬಾಳೇ ಅಲ್ಲವೇ ಎಂಬುದು ಚೆನ್ನಾಗಿ ತಿಳಿಯುತ್ತದೆ. ಒಗ್ಗದೆಂದು ತಿಳಿದರೂ ಅದು ಲಾಭವೇ.

ವರ್ಷಗಳ ಲೆಕ್ಕ, ಹಣದ ಲೆಕ್ಕ

ಇನ್ನು ಉಳಿದದ್ದು ಸಂಸಾರಸ್ಥರ ಲೆಕ್ಕ. ಪದವಿಗೆ ಮೂರು ವರ್ಷ, ಎಂ.ಎಸ್‌ಸಿ.ಗೆ ಎರಡು, ಡಾಕ್ಟರೇಟಿಗೆ ಐದಾರು. ಹದಿನೆಂಟರಲ್ಲಿ ಹೊರಟವರು ಇಪ್ಪತ್ತೆಂಟು ಇಪ್ಪತ್ತೊಂಬತ್ತಕ್ಕೆ ‘ಸಂಶೋಧಕ’ರೆನಿಸಿಕೊಳ್ಳುತ್ತಾರೆ. ಆಮೇಲೂ ಎರಡು ಮೂರು ವರ್ಷ ಹೊರನಾಡಿನಲ್ಲೋ ಪರವೂರಿನಲ್ಲೋ ಅಭ್ಯಾಸ ಮುಂದುವರಿಸಬೇಕಾಗುತ್ತದೆ. ಅಷ್ಟರಲ್ಲಿ ಅದೇ ತರಗತಿಯಲ್ಲಿ ಓದಿದ ಬೇರೆಯವರು ಮನೆ ಕಟ್ಟಿ ಗೃಹಪ್ರವೇಶ ಮಾಡಿರುತ್ತಾರೆ. ಹೆಣ್ಣುಮಕ್ಕಳಾದರೆ ‘ಮದುವೆ ಯಾವಾಗ’ ಎಂದು ಬಂಧುಗಳು ಹಬ್ಬ ಹುಣ್ಣಿಮೆಗೊಮ್ಮೆ ಕೇಳಿರುತ್ತಾರೆ.

ಹಾಗೆಂದು ಡಾಕ್ಟರೇಟಿನ ಓದು ತಂದೆಯ ಜೇಬಿನಿಂದಲೇ ನಡೆಯಬೇಕೆಂದಿಲ್ಲ. ರಾಷ್ಟ್ರಮಟ್ಟದ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ಸಂಶೋಧನ ವೇತನ ದೊರೆಯುತ್ತದೆ; 2023ರಲ್ಲಿ ಅದನ್ನು ಮೊದಲ ಎರಡು ವರ್ಷಗಳಿಗೆ ತಿಂಗಳಿಗೆ 31,000 ರೂಪಾಯಿಯಿಂದ 37,000ಕ್ಕೆ ಏರಿಸಲಾಯಿತು. ಅದರಲ್ಲಿ ಸಿರಿತನವಿಲ್ಲ, ಮಾನವಾಗಿ ಬಾಳಬಹುದು. ಹೊರಟವರೆಲ್ಲರೂ ಊರು ಮುಟ್ಟುವುದಿಲ್ಲವೆಂಬುದನ್ನೂ ಒಪ್ಪಬೇಕು. ಕೆಲವರು ಅಧ್ಯಾಪಕರಾಗುತ್ತಾರೆ, ಕೆಲವರು ಆಸ್ಪತ್ರೆಯ ಪ್ರಯೋಗಶಾಲೆಗೋ ಔಷಧಿಯ ಕಾರ್ಖಾನೆಗೋ ಸೇರುತ್ತಾರೆ. ಅಂಥವರನ್ನು ಸೋತವರೆಂದು ಕರೆಯುವುದು ತಪ್ಪು. ಕಂಡದ್ದನ್ನು ಕಂಡಂತೆ ಹೇಳುವ ಅಭ್ಯಾಸ ಬಿದ್ದವರು ಎಲ್ಲಿದ್ದರೂ ಅಲ್ಲಿನ ಕೆಲಸ ಸುಧಾರಿಸುತ್ತದೆ.

ಮನೆಯವರು ಮಾಡಬೇಕಾದದ್ದು ಬಹಳವಿಲ್ಲ. ಮಗನಾಗಲಿ ಮಗಳಾಗಲಿ ಕಾಲೇಜಿನಿಂದ ಬಂದಾಗ ‘ಮಿದುಳಿನ ಪಾಠ ಶುರುವಾಯಿತೆ’ ಎಂದು ಹಾಸ್ಯಮಾಡುವುದಕ್ಕೆ ಬದಲಾಗಿ ‘ಇವತ್ತು ಏನು ಎಣಿಸಿದೆ, ಏನು ಅಳೆದೆ’ ಎಂದು ಕೇಳಿದರೆ ಸಾಕು. ಎಣಿಸಿದ್ದು ಹುರುಳಿಯ ಮೊಳಕೆಯಾಗಿರಬಹುದು, ಅಳೆದದ್ದು ಲೋಲಕದ ತೂಗಾಟವಾಗಿರಬಹುದು. ಇಲಿಯ ನರಗಂಟಿನ ಕೋಶಗಳನ್ನು ಎಣಿಸುತ್ತ ಕುಳಿತ ವಿದ್ಯಾರ್ಥಿನಿಗೆ ಮುಂದಿನ ಐವತ್ತು ವರ್ಷಗಳು ಏನನ್ನು ಕಾದಿಟ್ಟಿವೆಯೆಂದು ಆ ದಿನ ಅವಳಿಗಾಗಲಿ ಅವಳ ಗುರುವಿಗಾಗಲಿ ತಿಳಿದಿರಲಿಲ್ಲ. ಆದರೂ ಎಣಿಕೆಯಲ್ಲಿ ಒಂದು ಕೋಶವೂ ತಪ್ಪದಂತೆ ಅವರು ನೋಡಿಕೊಂಡರು. ಹತ್ತು ವರ್ಷ ಹೀಗೆ ಸಣ್ಣದನ್ನು ಸರಿಯಾಗಿ ಮಾಡುವ ಮನಸ್ಸು ನಮ್ಮ ಮಕ್ಕಳಿಗಿದ್ದರೆ, ಆ ಹತ್ತು ವರ್ಷವನ್ನು ಅವರಿಗೆ ಕೊಡಲು ನಾವು ಹಿಂಜರಿಯಬಾರದು.